ನನ್ನ ಮೀನಖಂಡ ಕುಣಿದದ್ದು

ನೀವು ನಂಬುವುದಿಲ್ಲ, ನನಗೆ ಗೊತ್ತುಂಟು. ನಂಬದಿದ್ದರೆ ಮಂಗಳೂರಿನ ಬೋಳಾರಕ್ಕೆ ಬಂದು ನಮ್ಮ ಹಂಚಿನ ಕಾರ್ಖಾನೆಯಲ್ಲಿ ಯಾರನ್ನಾದರೂ ಕೇಳಿ. ಬೇರೆಯವರಿಗೆ ಜ್ವರ ಬರುತ್ತದೆ, ಹೋಗುತ್ತದೆ. ನನಗೆ ಬಂದದ್ದೆಲ್ಲ ಊರಿಗೇ ಸುದ್ದಿಯಾಗುತ್ತದೆ, ನಾನು ಏನು ಮಾಡಲಿ?

ಬಲಗಣ್ಣು

ಮಂಗಳೂರು ಮದ್ರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹಂಚು ಸುಡುವ ಭಟ್ಟಿಗೆ ಕಟ್ಟಿಗೆ ಹಾಕುವ ಕೆಲಸಕ್ಕೆ ಹಳ್ಳಿಯಿಂದ ಬಂದಿದ್ದೆ. ಕೆಲಸ ತಾತ್ಕಾಲಿಕ. ಆದರೆ ಊರಲ್ಲಿ ಖಾಯಂ ಎಂದೇ ಹೇಳಿಬಿಟ್ಟಿದ್ದೆ. ಹೇಗೂ ಆಗುವುದೇ ಅಲ್ಲವೇ!

ಒಂದು ಬೆಳಿಗ್ಗೆ ಬಲಗಣ್ಣು ಹಾರತೊಡಗಿತು. ಗಂಡಸಿಗೆ ಬಲಗಣ್ಣು ಹಾರಿದರೆ ಶುಭ. ಕಾರ್ಖಾನೆಯ ಎದುರಿನ ಚಾ ಅಂಗಡಿಯ ಬ್ಯಾರಿ ಕಾಕನಿಗೆ, ನನಗೆ ಹೆಣ್ಣು ನೋಡುತ್ತಿದ್ದಾರೆ ಎಂದು ಸಾರಿದೆ. ತಲೆಗೆ ವಾಸನೆಯ ಎಣ್ಣೆಯನ್ನೂ ಹಚ್ಚಿಕೊಂಡೆ. ಸಂಜೆಗೆ ಎಡಗಣ್ಣೂ ಹಾರಿತು.

ಕಾಕ ಚಾ ಸೋಸುತ್ತಾ ಹೇಳಿದರು, "ಹೆಣ್ಣಿನವರು ಬಂದು ನೋಡಿ ಹಿಂದೆ ಹೋದರು ಕಾಣ್ತದೆ ಮಾರಾಯ."

ಶಕ್ತಿ

ಆಮೇಲೆ ಕಾಲಿನ ಮೀನಖಂಡ ಅದುರಲು ಶುರುಮಾಡಿತು. ಚರ್ಮದ ಒಳಗೆ ಏಡಿ ಓಡಾಡಿದ ಹಾಗೆ. ಭಟ್ಟಿಯವರೆಲ್ಲ ಸುತ್ತ ನಿಂತು ನೋಡಿದರು. ಶಕ್ತಿ ಹೆಚ್ಚಾಗಿ ಒಳಗೆ ಹಿಡಿಸುವುದಿಲ್ಲ, ಅದಕ್ಕೇ ಕುಣಿಯುತ್ತದೆ ಎಂದು ನಾನು ವಿವರಿಸಿದೆ. ತೋರಿಸಲಿಕ್ಕೆಂದೇ ಎಲ್ಲಕ್ಕಿಂತ ದಪ್ಪದ ಕಟ್ಟಿಗೆ ಎತ್ತಿದೆ. ಕೈ ಹತ್ತಿಯ ಹಾಗೆ ಮೆತ್ತಗಾಯಿತು. ಕಟ್ಟಿಗೆ ನಮ್ಮ ಭಟ್ಟಿಯ ಮೇಸ್ತ್ರಿಯ ಕಾಲಿನ ಪಕ್ಕಕ್ಕೇ ಬಿತ್ತು.

ಮೇಸ್ತ್ರಿ ಕದಲಲಿಲ್ಲ. "ನಿನ್ನ ಶಕ್ತಿ ಕೆಳಗೆ ಬಿದ್ದಿದೆ, ಹೆಕ್ಕು" ಎಂದರು. ಮುಂದಿನ ಸಲ ಬೆಂಕಿ ಹಾಕುವಾಗ ಹೀಗಾದರೆ ಊರಿನ ಬಸ್ಸು ಹತ್ತು ಎಂದೂ ಸೇರಿಸಿದರು. ಖಾಯಂ ಕೆಲಸದವ ಗಂಟು ಹೊತ್ತು ಊರಿನಲ್ಲಿ ಇಳಿದರೆ ಮರ್ಯಾದೆ ಎಂತದು ಉಳಿಯುವುದು?

ಸುತ್ತಿಗೆ

ಬಿಜೈಯ ಒಬ್ಬ ಡಾಕ್ಟರರ ಹತ್ತಿರ ಹೋದೆ. ಅವರು ರಬ್ಬರಿನ ಪುಟ್ಟ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರು. ಕಾಲು ಎದ್ದು ಕಸದ ಬುಟ್ಟಿಯನ್ನೇ ಮಗುಚಿತು. ಈ ಕಾಲಿಗಾ ನಿಶ್ಶಕ್ತಿ ಎಂದು ಕೇಳಿದೆ. ಅವರು ನಗಲಿಲ್ಲ. ಕೈಕಾಲು ಸಣಕಲಾಗಿದೆಯಾ, ಜುಮ್ಮೆನ್ನುತ್ತದಾ, ಮಾತು ತೊದಲುತ್ತದಾ, ನುಂಗಲಿಕ್ಕೆ ಕಷ್ಟವಾ, ಸಾರಾಯಿ ಉಂಟಾ, ಬೇರೆ ಮದ್ದು ತಿಂತೀಯಾ ಎಂದು ವಿಚಾರಿಸಿದರು. ನರದ ದೊಡ್ಡ ಕಾಯಿಲೆಗಳೂ ಹೀಗೇ ಶುರುವಾಗುತ್ತವಂತೆ. ಆಗ ಮಾತ್ರ ತಮಾಷೆ ಬಿಟ್ಟೆ. ಎಲ್ಲದಕ್ಕೂ ಇಲ್ಲ ಎಂದೆ.

"ಊಟ ಎಂತ?"

"ಪೇಟೆಯವರ ಹಾಗೆ, ಡಾಕ್ಟ್ರೇ. ಬನ್ಸು, ಚಾ. ಬೆವರಿದರೆ ತಣ್ಣೀರು. ಮತ್ತೆ ಚಾ."

"ಗಂಜಿ?"

"ಛೆ, ಅದೆಲ್ಲ ಹಳ್ಳಿಯಲ್ಲಿ."

ಡಾಕ್ಟರರು ಕನ್ನಡಕ ತೆಗೆದಿಟ್ಟರು. ಭಟ್ಟಿಯ ಮುಂದೆ ಮೈಯ ಉಪ್ಪೆಲ್ಲ ಬೆವರಾಗಿ ಹೋಗುತ್ತದೆ, ಬರೀ ನೀರು ಕುಡಿದರೆ ಅದು ತಿರುಗಿ ಬರುವುದಿಲ್ಲ, ಅದಕ್ಕೇ ಮಾಂಸಖಂಡ ಸೋತು ಅದುರುವುದು, ಅಷ್ಟು ಚಾ ಬೇರೆ ಎಂದರು. ಉಪ್ಪು ಹಾಕಿದ ಗಂಜಿ ಕುಡಿ, ಚಾ ಇಳಿಸು, ವಾರದಲ್ಲಿ ಸರಿಯಾಗದಿದ್ದರೆ ತಿರುಗಿ ಬಾ.

ಇಂಜೆಕ್ಷನ್ ಇಲ್ಲವಾ ಎಂದು ಕೇಳಿದೆ.

"ಗಂಜಿ ಸೂಜಿಯಲ್ಲಿ ಇಳಿಯುವುದಿಲ್ಲ ಮಾರಾಯ."

ಗೋಣಿಯ ಪರದೆ

ಈಗ ಇನ್ನೊಂದು ಕಷ್ಟ. ಪೇಟೆಯ ಗಂಡಸು ಹತ್ತು ಜನರ ಎದುರು ಗಂಜಿ ಕುಡಿಯುವುದು ಹೇಗೆ? ಕಾಕನ ಕಿವಿಯಲ್ಲಿ ಗುಟ್ಟಾಗಿ ಹೇಳಿದೆ. ಅವರು ಹಿಂಬದಿಯ ಗೋಣಿಯ ಪರದೆ ತೋರಿಸಿದರು. ಕಳ್ಳನ ಹಾಗೆ ಸರಿಸಿ ಒಳಗೆ ಹೊಕ್ಕೆ.

ಬೆಂಚಿನ ತುಂಬ ನಮ್ಮ ಭಟ್ಟಿಯವರೇ ಕೂತಿದ್ದರು. ಒಬ್ಬೊಬ್ಬರ ಮುಂದೆ ಗಂಜಿ, ಒಣಮೀನಿನ ಚಟ್ನಿ. ನಡುವೆ ಮೇಸ್ತ್ರಿ.

"ನಾವೆಲ್ಲ ದಿನಾ ಇಲ್ಲೇ" ಎಂದರು ಮೇಸ್ತ್ರಿ. "ನೀನು ಹೊರಗೆ ದೊರೆಗಳ ಹಾಗೆ ಬನ್ಸು ತಿಂತಿದ್ದೆ. ದೊರೆಗಳನ್ನು ಗಂಜಿಗೆ ಕರೆಯುವುದು ಹೇಗೆ?"

ಬೆಂಚೇ ಅಲುಗಾಡುವ ಹಾಗೆ ನಕ್ಕರು. ನಾನು ಸೋಲುವವನಾ? ಎಲ್ಲರಿಗಿಂತ ಒಂದು ಬಟ್ಟಲು ಜಾಸ್ತಿ ಕುಡಿದು ಎದ್ದೆ.

ವಾರ ಕಳೆಯುವುದರೊಳಗೆ ಮೀನಖಂಡ ತೆಪ್ಪಗಾಯಿತು. ಮುಂದಿನ ಬೆಂಕಿಗೆ ಅದೇ ದಪ್ಪದ ಕಟ್ಟಿಗೆಯನ್ನು ಹೆಗಲಿಗೇರಿಸಿ ಮೇಸ್ತ್ರಿಯ ಮೂಗಿನ ಮುಂದೆಯೇ ಭಟ್ಟಿಗೆ ತಳ್ಳಿದೆ. ಉಳಿದವರು ನೆರಳಿಗೆ ಹೋದಾಗಲೂ ನಾನು ಬಡಾಯಿ ಕೊಚ್ಚದೆ ಭಟ್ಟಿಯ ಮುಂದೆಯೇ ನಿಂತೆ. ಅದನ್ನೂ ನೀವು ನಂಬುವುದಿಲ್ಲ.

ಬೆಂಕಿ ಆರಿದ ಮೇಲೆ ಮೇಸ್ತ್ರಿ ನನ್ನನ್ನು ಕರೆದರು. ಭಟ್ಟಿಯ ಕೆಲಸವನ್ನು ಖಾಯಂ ಮಾಡಿಕೊಟ್ಟರು. ಪರದೆಯ ಹಿಂದೆ ಬೆಂಚಿನಲ್ಲಿ ಒಂದು ಜಾಗವನ್ನೂ ಕೊಟ್ಟರು.