ಎಳೆ ಹುಡುಕಲು ಕೊಂಡ ಕ್ಯಾಮೆರಾ

ಮರೆವು ದೇವರು ಕೊಟ್ಟ ವರವೆಂದು ಬಲ್ಲವರು ಹೇಳುತ್ತಾರೆ. ಆ ವರವನ್ನು ಹಂಚಿದ ದಿನ ನಾನು ಚಳ್ಳಕೆರೆಯಲ್ಲಿ ಇರಲಿಲ್ಲವೆಂದು ಕಾಣುತ್ತದೆ. ನನ್ನ ಮದುವೆಯ ಊಟದಲ್ಲಿ ನನಗೆ ಎರಡನೆಯ ಹೋಳಿಗೆ ಬಡಿಸದೆ ಮುಂದೆ ಹೋದವನ ಹೆಸರನ್ನೂ, ಅವನು ತೊಟ್ಟಿದ್ದ ಅಂಗಿಯ ಬಣ್ಣವನ್ನೂ ಇಂದಿಗೂ ಹೇಳಬಲ್ಲೆ. ಹೀಗಿರುವಾಗ ಮಗಳ ಮಾವನವರು, ಅಂದರೆ ನಮ್ಮ ಬೀಗರು, ತುಂಬಿದ ಪಡಸಾಲೆಯಲ್ಲಿ ಆಡಿದ ಮಾತನ್ನು ಮರೆಯುವುದು ನನ್ನಿಂದಾಗುವ ಕೆಲಸವಲ್ಲ.

ನಾವು ಬೀಗಿತ್ತಿಗೆ ಉಡುಗೊರೆಯಾಗಿ ಕೊಟ್ಟದ್ದು ಮೊಳಕಾಲ್ಮೂರಿನ ಓಬಳೇಶ ತನ್ನ ಮನೆಯ ಕೈಮಗ್ಗದಲ್ಲಿ ನೇಯ್ದ ರೇಷ್ಮೆ ಸೀರೆ. ಅದರ ಒಂದೊಂದು ಗೇಣನ್ನೂ ಭೂತಗನ್ನಡಿ ಹಿಡಿದು ನೋಡಿಯೇ ತಂದಿದ್ದೆ. ಬೀಗರು ಅದನ್ನು ಎರಡು ಬೆರಳಲ್ಲಿ ತಿಕ್ಕಿ, "ಇದು ಮಿಷನ್ ಸೀರೆ ಐತೆ ಬೀಗರೆ, ನಿಮಗ್ಯಾರೋ ಟೋಪಿ ಹಾಕ್ಯಾರೆ" ಎಂದುಬಿಟ್ಟರು. ಅಷ್ಟಕ್ಕೆ ನಿಲ್ಲದೆ, ತಮ್ಮ ಕಿರಿಯ ಮಗಳ ಮದುವೆಗೆಂದು ಓಬಳೇಶನಿಗೆ ನೇಯಲು ಹೇಳಿದ್ದ ಸೀರೆಗಳನ್ನೆಲ್ಲ ಬೇಡವೆಂದು ಹೇಳಿ ಕಳಿಸಿದರು. ಅವನಾದರೋ ಆಗಲೇ ಮಗ್ಗಕ್ಕೆ ಹಾಸಿನ ರೇಷ್ಮೆ ಎಳೆಗಳನ್ನು ಏರಿಸಿದ್ದ. ನನ್ನ ಮಾತು ಹೋದದ್ದು ಒಂದು ಕಡೆ, ಅವನ ಮುಂದಿನ ತಿಂಗಳುಗಳ ಅನ್ನ ಹೋದದ್ದು ಇನ್ನೊಂದು ಕಡೆ.

ಕೈಮಗ್ಗದ ಈ ಸೀರೆಗೆ ಒಂದು ಕುರುಹಿದೆ. ಅಂಚಿಗೊಂದು, ಒಡಲಿಗೊಂದು ಲಾಳಿ. ಗಂಡ ಒಂದನ್ನು ಎಸೆದರೆ ಹೆಂಡತಿ ಇನ್ನೊಂದನ್ನು ಎಸೆಯುತ್ತಾಳೆ. ಅವು ಕೂಡುವಲ್ಲಿ ಎಳೆಗೆ ಎಳೆ ಕೊಕ್ಕೆ ಹಾಕಿಕೊಂಡಿರುತ್ತದೆ. ಮಗಳಿಂದ ಅದರ ಚಿತ್ರವನ್ನು ಫೋನಿನಲ್ಲಿ ತೆಗೆಸಿ ಬೀಗರಿಗೆ ಕಳಿಸಿದೆ. ಫೋನಿನಲ್ಲಿ ತಮ್ಮ ಮುಖವೂ ಬೆಳ್ಳಗೆ ಬರುತ್ತದೆ, ಅದನ್ನು ನಂಬುವುದು ಹೇಗೆ ಎಂದು ಬೀಗರು ತಳ್ಳಿಹಾಕಿದರು. ಅಂದೇ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳಲು ನಿರ್ಧರಿಸಿದೆ.

ನಿರ್ಧರಿಸುವುದಕ್ಕೆ ಹಣ ಬೇಕಿಲ್ಲ, ಕೊಳ್ಳುವುದಕ್ಕೆ ಬೇಕು. ನನ್ನಲ್ಲಿದ್ದುದಕ್ಕೆ ಕ್ಯಾಮೆರಾ ಬಂದರೆ ಎಳೆಯನ್ನು ಹಿಗ್ಗಿಸಿ ತೋರಿಸುವ ಮ್ಯಾಕ್ರೋ ಲೆನ್ಸ್ ಬಾರದು, ಲೆನ್ಸ್ ಬಂದರೆ ಅದನ್ನು ಬರಿಗೈಯಲ್ಲಿ ಹಿಡಿದುಕೊಂಡು ಕೂರಬೇಕು. ಚಳ್ಳಕೆರೆಯ ಸ್ಟುಡಿಯೋದವರು ಒಂದು ಉಪಾಯ ಹೇಳಿದರು: ಹಳೆಯ ಕ್ಯಾಮೆರಾವನ್ನು ಅದರ ಮಾಮೂಲಿ ಲೆನ್ಸಿನೊಂದಿಗೇ ಕೊಂಡು, ಎರಡರ ನಡುವೆ ಟ್ಯೂಬು ಸೇರಿಸಿದರೆ ಸಣ್ಣದು ದೊಡ್ಡದಾಗಿ ಕಾಣುತ್ತದಂತೆ. ಟ್ಯೂಬಿನೊಳಗೆ ಏನಿದೆ ಎಂದು ಕೇಳಿದೆ. ಏನೂ ಇಲ್ಲ, ಗಾಳಿ ಎಂದರು. ಅರವತ್ತೆಂಟು ವರ್ಷದ ಬಾಳಿನಲ್ಲಿ ಗಾಳಿಯನ್ನು ದುಡ್ಡು ಕೊಟ್ಟು ಕೊಂಡದ್ದು ಅದೇ ಮೊದಲು.

ಹಳೆಯ ಕ್ಯಾಮೆರಾ ಸಿಕ್ಕಿದ್ದು ರಾಂಪುರದಲ್ಲಿ, ಮದುವೆ ಫೋಟೋ ತೆಗೆಯುವವರೊಬ್ಬರ ಬಳಿ. ಎತ್ತಿನ ಪ್ರಾಯಕ್ಕೆ ಹಲ್ಲು ನೋಡುವಂತೆ ಇದಕ್ಕೆ ಎಷ್ಟು ಸಾವಿರ ಸಲ ಕ್ಲಿಕ್ಕಾಗಿದೆ ಎಂದು ನೋಡಬೇಕೆಂದು ಓದಿಕೊಂಡು ಹೋಗಿದ್ದೆ, ನೋಡಿದೆ. ವ್ಯಾಪಾರಕ್ಕೆ ಮಾತ್ರ ನನಗೆ ಗೊತ್ತಿದ್ದದ್ದು ಎತ್ತಿನ ಸಂತೆಯ ಪದ್ಧತಿಯೊಂದೇ. ಅಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ; ಟವೆಲಿನ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತೇವೆ, ಒಂದು ಬೆರಳಿಗೆ ಇಷ್ಟು ಸಾವಿರವೆಂದು. ನಾನು ಟವೆಲು ಹೊದಿಸಿ ಅವರ ಮೂರು ಬೆರಳು ಹಿಡಿದೆ. ಹಿರಿಯರು ಪ್ರೀತಿಯಿಂದ ಕೈಕುಲುಕುತ್ತಿದ್ದಾರೆಂದು ತಿಳಿದ ಆ ಪುಣ್ಯಾತ್ಮರು ನನ್ನ ಐದೂ ಬೆರಳನ್ನು ಭದ್ರವಾಗಿ ಹಿಡಿದುಕೊಂಡರು. ಐದಕ್ಕೆ ಒಪ್ಪಿಬಿಟ್ಟೆ. ಅವರು ನಾಲ್ಕಕ್ಕೇ ಕೊಡಲು ಸಿದ್ಧರಿದ್ದರೆಂದು ಆಮೇಲೆ ತಿಳಿಯಿತು. ಆದರೆ ಟವೆಲಿನೊಳಗೆ ಒಪ್ಪಿದ್ದನ್ನು ಹಿಂತೆಗೆಯುವ ವಂಶ ನಮ್ಮದಲ್ಲ.

ಮಗಳು ಅತ್ತೆಯನ್ನು ಒಪ್ಪಿಸಿ, ಸಂಜೆಯೊಳಗೆ ಹಿಂದಿರುಗಿಸಬೇಕೆಂಬ ಕರಾರಿನ ಮೇಲೆ ಸೀರೆ ತಂದಳು. ಟ್ಯೂಬು ಹಾಕಿದ ಕ್ಯಾಮೆರಾದಲ್ಲಿ, ನಾವು ಉಸಿರಾಡಿದರೂ ಚಿತ್ರ ಮಸುಕಾಗುತ್ತದೆ. ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಉಸಿರು ಕಟ್ಟಿ ತೆಗೆದೆ. ನಲವತ್ತು ಚಿತ್ರಗಳು ಹಾಳಾದವು. ಹೊತ್ತು ಇಳಿಯುತ್ತಿತ್ತು, ಮಗಳು ಬಾಗಿಲಲ್ಲಿ ನಿಂತು ಗಡಿಯಾರವನ್ನೇ ನೋಡುತ್ತಿದ್ದಳು. ಕೊನೆಗೊಂದು ಸ್ಪಷ್ಟವಾಗಿ ಬಂತು. ಕೊಕ್ಕೆಗಳು ಸಾಲಾಗಿ ಕಂಡವು. ನಡುವೆ ಒಂದು ಕಡೆ ಎರಡು ಕೊಕ್ಕೆ ತಪ್ಪಿದ್ದವು. ಭೂತಗನ್ನಡಿಗೆ ಸಿಗದ ತಪ್ಪು. ಇದನ್ನು ಬೀಗರಿಗೆ ತೋರಿಸುವುದು ಹೇಗೆ?

ಮರುದಿನವೇ ಮೊಳಕಾಲ್ಮೂರಿಗೆ ಹೋಗಿ ಓಬಳೇಶನಿಗೆ ತೋರಿಸಿದೆ. ಅವನು ನೋಡಿ, ಮಗ್ಗದ ಬಳಿ ಕೂತಿದ್ದ ಹೆಂಡತಿಯ ಕಡೆ ತಿರುಗಿ ನಕ್ಕ. "ಅಲ್ಲಿ ನಮ್ಮ ಮಾರಕ್ಕಗೆ ಸೀನು ಬಂದಿತ್ತು ಯಜಮಾನ್ರೆ. ಮಿಷನ್ನು ಸೀನಲ್ಲ." ಅಲ್ಲಿಂದಲೇ ಬೀಗರಿಗೆ ಚಿತ್ರ ಕಳಿಸಿ, ಫೋನು ಮಾಡಿ ಅದೇ ಮಾತು ಹೇಳಿದೆ. ಬೀಗರು, ಬೇಡವೆಂದಿದ್ದ ಸೀರೆಗಳನ್ನು ನೇಯಲು ಹೇಳಿರೆಂದೂ, ಸೀನು ಬಂದರೆ ಬರಲೆಂದೂ ಹೇಳಿ ಫೋನು ಇಟ್ಟರು.

ಗೆದ್ದ ಸಂತೋಷದಲ್ಲಿ ಎದ್ದೆ. ಅಷ್ಟರಲ್ಲಿ ಮಾರಕ್ಕ ಮಗ್ಗ ಬಿಟ್ಟು ಒಳಗೆ ಹೋಗಿ, ಟ್ರಂಕಿನಿಂದ ಒಂದು ನೇರಳೆ ಸೀರೆ ತಂದು ನನ್ನ ಮುಂದೆ ಹರಡಿದಳು.

"ಹನ್ನೊಂದು ವರ್ಷದ ಕೆಳಗೆ, ಒಂದು ಎಳೆ ತಪ್ಪೈತೆ ಅಂತ ನೀವು ವಾಪಸ್ ಕಳಿಸಿದ್ದು ಇದು. ಅವತ್ತು ಬುಧವಾರ. ನೀವು ಬಿಳಿ ಜುಬ್ಬ ಹಾಕಿದ್ರಿ, ಮಜ್ಜಿಗೆ ಕೊಟ್ರೆ ಬ್ಯಾಡ ಅಂದ್ರಿ. ಈಗ ಕ್ಯಾಮೆರಾ ಐತಲ್ಲ, ತಪ್ಪು ಎಲ್ಲೈತೆ ತೋರಿಸ್ರಿ."

ಮೊಣಕಾಲೂರಿ ಕುಳಿತೆ. ಒಂದು ಅಂಚು ಮುಗಿಸಿದೆ, ಇನ್ನೊಂದು ಅಂಚು ಮುಗಿಸಿದೆ, ಸೆರಗಿಗೆ ಬಂದೆ. ಅವಳು ಕದಲಲಿಲ್ಲ. ಒಂದೇ ಒಂದು ಎಳೆಯೂ ತಪ್ಪಿರಲಿಲ್ಲ. ಬ್ಯಾಟರಿ ಮುಗಿಯಿತೆಂದು ಹೇಳಿ, ಅರ್ಧಕ್ಕಿಂತ ಹೆಚ್ಚು ತುಂಬಿದ್ದ ಬ್ಯಾಟರಿಯನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಅವಳು ಮಜ್ಜಿಗೆ ತಂದಳು. ಈ ಸಲ ಎರಡು ಲೋಟ ಕುಡಿದೆ.