ಹಕ್ಕಿ ಕಾಯಲು ಆಟೋಮ್ಯಾಟಿಕ್ ಯಂತ್ರ

ಎಪ್ಪತ್ತರ ದಶಕದ ಮಾತು. ಗೊಳಸಂಗಿಯ ಬಸ್ ನಿಲ್ದಾಣದ ಬದಿಗೆ ನನ್ನದೊಂದು ಸೈಕಲ್ ರಿಪೇರಿ ಅಂಗಡಿ ಇತ್ತು. ಪಂಕ್ಚರ್ ತಿದ್ದಿ ತಿದ್ದಿ, ಜಗತ್ತನ್ನೇ ತಿದ್ದಬಲ್ಲೆನೆಂಬ ಧೈರ್ಯ ಬಂದುಬಿಟ್ಟಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿತ್ತು. ಹೀಗಿರುವಾಗ ನನ್ನ ಅಪ್ಪ ಮಾತ್ರ ಇನ್ನೂ ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು, ಕವಣೆ ಬೀಸುತ್ತ, "ಹೋಯ್! ಹೋಯ್!" ಎಂದು ಹಕ್ಕಿ ಓಡಿಸುವುದೇ? ಮೆಕ್ಯಾನಿಕ್ ಮಗನಿರುವ ಮನೆತನಕ್ಕೆ ಇದು ಶೋಭೆಯೇ?

ಶೋಭೆಯಲ್ಲವೆಂದು ನಾನೇ ತೀರ್ಪು ಕೊಟ್ಟೆ.

ಹಳೆಯ ಸೈಕಲ್ ಗಾಲಿಗೆ ತಗಡಿನ ರೆಕ್ಕೆ ಕಟ್ಟಿದೆ. ಗಾಲಿ ತಿರುಗಿದಂತೆ ಸುತ್ತಿಗೆ ಖಾಲಿ ಎಣ್ಣೆ ಡಬ್ಬಿಗೆ ಬಡಿಯುವ ಹಾಗೆ ಜೋಡಿಸಿದೆ. ತಿರುಗಿಸಿ ನೋಡಲೆಂದು ಬದಿಗೊಂದು ಪೆಡಲನ್ನೂ ಹಚ್ಚಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ರೈತರೆಲ್ಲ ನನ್ನ ಅಂಗಡಿ ಮುಂದೆ ಸಾಲು ನಿಂತಂತೆ ಹಗಲುಗನಸು ಬಿತ್ತು.

"ಅಪ್ಪಾ, ಇನ್ನ ನೀ ಹೊಲಕ್ಕ ಹೋಗೂದು ಬ್ಯಾಡ. ಗಾಳಿ ಬೀಸತೈತಿ, ಗಾಲಿ ತಿರಗತೈತಿ, ಡಬ್ಬಿ ಬಡೀತೈತಿ, ಹಕ್ಕಿ ಓಡತಾವು. ಎಲ್ಲಾ ಆಟೋಮ್ಯಾಟಿಕ್!"

"ಮತ್ತ ನಾ ಏನ್ ಮಾಡ್ಲಿ?"

"ಆರಾಮ ಕಟ್ಟಿ ಮ್ಯಾಲ ಕುಂದ್ರು."

ಮೊದಲ ದಿನ ಹೊಲದಲ್ಲಿ ಯಂತ್ರ ಢಣ್ ಢಣ್ ಎಂದಿತು. ಹಕ್ಕಿಗಳು ಪರಾರಿ! ನಾನು ಮೀಸೆ ತಿರುವಿಕೊಂಡೆ.

ಆದರೆ ಇಷ್ಟು ದಿನ ಹಕ್ಕಿಗಳ ಪಾಲಿಗಿದ್ದ ಅಪ್ಪನ ಬೈಗುಳವೆಲ್ಲ ಈಗ ಮನೆಗೆ ಬಂತು. ಅಡುಗೆಮನೆಯ ಬಾಗಿಲಲ್ಲಿ ಕೂತು, ನನ್ನ ಹೆಂಡತಿ ಶಾಂತವ್ವನ ರೊಟ್ಟಿಗೆ ಮೇಲ್ವಿಚಾರಣೆ ಶುರು: "ಅಂಚು ದಪ್ಪ ಆಗಾಕತ್ತೈತಿ! ಇನ್ನೆರಡ ಬಡಿ!" ಆಮೇಲೆ ಮಾಳಿಗೆ ಏರಿ, ಪಕ್ಕದ ಮನೆ ಗಂಗವ್ವನ ಅಂಗಳದ ಗುಬ್ಬಿಗೆ ಗುರಿಯಿಟ್ಟು ಕವಣೆ ಬೀಸಿದ. ಗುಬ್ಬಿ ಹಾರಿತು. ಗಂಗವ್ವನ ಕೊಡ ಒಡೆಯಿತು!

"ನಿಮ್ಮ ಮಷೀನು ಹಕ್ಕಿ ಓಡಸತೈತೋ ಇಲ್ಲೋ ಗೊತ್ತಿಲ್ರಿ," ಎಂದಳು ಶಾಂತವ್ವ, "ನನ್ನನ್ನಂತೂ ತವರಮನಿಗೆ ಓಡಸತೈತಿ!"

ಅದನ್ನಾದರೂ ತಡೆದುಕೊಳ್ಳುತ್ತಿದ್ದೆ. ಆದರೆ ರೊಟ್ಟಿ ಮೇಲೆ ರೊಟ್ಟಿ ಮುರಿಯುತ್ತಿದ್ದ ಅಪ್ಪ ಒಂದು ದಿನ ಅರ್ಧ ರೊಟ್ಟಿಗೇ ಕೈ ತೊಳೆದ.

"ಯಾಕಪ್ಪಾ?"

"ಕೆಲಸ ಇಲ್ಲದವಗ ಹಸಿವಿ ಎಲ್ಲಿಂದ ಬರಬೇಕೋ?"

ನನಗೆ ಸಂಕಟವಾಯಿತು. ಇರಲಾರದವ ಇರುವೆ ಬಿಟ್ಟುಕೊಂಡ ಅಂದರೆ ಇದೇ! ಆದರೂ ಯಂತ್ರ ಸೋತಿತೆಂದು ಒಪ್ಪಿಕೊಳ್ಳುವುದು ಹೇಗೆ?

ಅಷ್ಟರಲ್ಲಿ ಗಾಳಿ ನಿಂತಿತು. ಹೊಲಕ್ಕೆ ಓಡಿಹೋಗಿ ನೋಡಿದರೆ ಗಿಳಿಗಳು ತೆನೆ ತಿಂದು, ನನ್ನ ಗಾಲಿಯ ಮೇಲೆಯೇ ಕೂತು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದವು. ಮೆಲ್ಲಗೆ ಗಾಳಿ ಬಂದಾಗ ಹಾರಲೂ ಇಲ್ಲ, ಜೋಕಾಲಿ ಆಡಿದವು! ಬೇರೆ ದಾರಿ ಕಾಣದೆ ಪೆಡಲ್ ಹಿಡಿದು ಕೈಯಿಂದಲೇ ತಿರುಗಿಸಿದೆ. ಢಣ್! ಕೈ ಬಿಟ್ಟೆ. ಗಿಳಿ ಬಂದವು. ಮತ್ತೆ ತಿರುಗಿಸಿದೆ. ಅತ್ತ ಅಂಗಡಿಗೆ ಬೀಗ, ಇತ್ತ ನನ್ನ ರಟ್ಟೆ ಬಿದ್ದುಹೋಗಿತ್ತು.

ಹಿಂದಿನಿಂದ ಅಪ್ಪನ ದನಿ ಕೇಳಿಸಿತು.

"ಏನೋ ತಮ್ಮಾ, ಈ ಮಷೀನು ನಿನಗ ಪಗಾರ ಎಷ್ಟ ಕೊಡತೈತಿ?"

ನಾನು ಬೆವರು ಒರೆಸಿಕೊಂಡು ಹೇಳಿದೆ, "ಅಪ್ಪಾ, ನೀನ ಅಟ್ಟ ಹತ್ತಪಾ. ನನ್ನ ಕಡಿಂದ ಆಗೂದಿಲ್ಲ."

ಅಪ್ಪ ಅಟ್ಟ ಏರಿದ ರಭಸ ನೋಡಬೇಕಿತ್ತು! ಗಿಳಿಗಳ ಏಳು ತಲೆಮಾರನ್ನು ಬೈದು ಓಡಿಸಿದ. ಮಧ್ಯಾಹ್ನ ಶಾಂತವ್ವ ಕಟ್ಟಿ ಕಳಿಸಿದ ಬುತ್ತಿಯಲ್ಲಿ ಒಂದು ಚೂರು ರೊಟ್ಟಿಯೂ ಉಳಿಯಲಿಲ್ಲ. ನನ್ನ ಹೊಟ್ಟೆಯೂ ತಂಪಾಯಿತು.

ಕೆಲವೇ ದಿನಗಳಲ್ಲಿ ಆ ಡಬ್ಬಿಯಲ್ಲಿ ಗುಬ್ಬಿ ಗೂಡು ಕಟ್ಟಿತು. ಮಧ್ಯಾಹ್ನವಾಗುತ್ತಲೇ ಅಪ್ಪ ಅಟ್ಟದಿಂದ "ಹೋಯ್!" ಎನ್ನುತ್ತಿದ್ದ. ನಾನು ಸ್ಪ್ಯಾನರ್ ಕೆಳಗಿಟ್ಟು, ಬುತ್ತಿ ಎತ್ತಿಕೊಂಡು ಹೊಲಕ್ಕೆ ಓಡುತ್ತಿದ್ದೆ. ಗಾಳಿ ಬೇಕಿರಲಿಲ್ಲ, ಎಣ್ಣೆ ಬೇಕಿರಲಿಲ್ಲ. ಊರಲ್ಲಿ ನಿಜವಾಗಿ ಆಟೋಮ್ಯಾಟಿಕ್ ಆದದ್ದು ನಾನೊಬ್ಬನೇ!