ಗಾಳಿ ಯಂತ್ರದ ಬಾಣಂತನ

ಮೂಗಿನ ವಿಷಯದಲ್ಲಿ ನಾನು ಹುಟ್ಟಾ ದರಿದ್ರ. ನೆಗಡಿ ನನ್ನ ಖಾಯಂ ನೆಂಟ. ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ಪಾತ್ರೆ ಕರಕಲಾದರೂ ಪಕ್ಕದಲ್ಲೇ ಕೂತು ಪೇಪರು ಓದುತ್ತಿರಬಲ್ಲೆ. "ಹಾಲು ಸೀದಿದ್ದು ಗೊತ್ತಾಗಲ್ಲ, ಇವರು ಊರೋರ ಗಾಳಿ ಪರೀಕ್ಷೆ ಮಾಡ್ತಾರಂತೆ!" ಎಂದು ನನ್ನ ಹೆಂಡತಿ ದೊಡ್ಡಬಳ್ಳಾಪುರದ ನಮ್ಮ ಬೀದಿಗೆಲ್ಲ ಕೇಳುವಂತೆ ಹೇಳುತ್ತಾಳೆ. ಅದರಲ್ಲಿ ಸುಳ್ಳೇನೂ ಇಲ್ಲ. ಎಲ್ಲಿಯಾದರೂ ಕಾರ್ಖಾನೆಯೋ ಗೋದಾಮೋ ಬರುವುದಿದ್ದರೆ, ಅಲ್ಲಿನ ಗಾಳಿ ಈಗ ಹೇಗಿದೆ, ಮುಂದೆ ಎಷ್ಟು ಕೆಟ್ಟೀತು ಎಂದು ಅಳೆದು ವರದಿ ಬರೆಯುವ ಸಣ್ಣ ಕಂಪನಿಯೊಂದರಲ್ಲಿ ನನ್ನ ಅನ್ನ. ಅಳೆಯುವುದಕ್ಕೆ ಯಂತ್ರವಿದೆ, ಮೂಗು ಬೇಕಿಲ್ಲ. ನನಗೆ ಕೆಲಸ ಸಿಕ್ಕಿದ್ದೂ ಅದಕ್ಕೇ ಇರಬೇಕು.

ನಮ್ಮ ಕಡೆಯದೇ ವಿಜಯಪುರದಾಚೆಯ ಒಂದು ಊರಿನ ಮಗ್ಗುಲಿಗೆ ದೊಡ್ಡ ಗೋದಾಮು ಬರುವುದಿತ್ತು. ಬಂದರೆ ಹಗಲೂ ರಾತ್ರಿ ಲಾರಿಗಳು. ನಮ್ಮ ಲೆಕ್ಕ ಸುಲಭದ್ದು: ಊರಿನಲ್ಲಿ ಈಗಿರುವ ಧೂಳಿಗೆ ಲಾರಿಗಳು ಎಬ್ಬಿಸಬಹುದಾದ ಧೂಳನ್ನು ಕೂಡಿಸಬೇಕು. ಮೊತ್ತ ಮಿತಿ ದಾಟಿದರೆ ಗೋದಾಮಿನವರಿಗೆ ತಲೆನೋವು, ದಾಟದಿದ್ದರೆ ಹಾದಿ ಸಲೀಸು. ಯಂತ್ರ ಇಡಲು ಎತ್ತರದ, ಕರೆಂಟಿರುವ ಜಾಗ ಹುಡುಕುತ್ತ ಹೋದವನಿಗೆ ಜಯಮ್ಮನವರ ತಾರಸಿ ಸಿಕ್ಕಿತು. ಜಯಮ್ಮನವರಿಗೆ ಅರವತ್ತರ ಮೇಲೆ ವಯಸ್ಸು. ನಲವತ್ತು ವರ್ಷದಿಂದ ರೇಷ್ಮೆ ಹುಳು ಸಾಕಿದ ಕೈ. ಅವರ ಹಿಪ್ಪುನೇರಳೆ ತೋಟ ಸರಿಯಾಗಿ ಆ ಲಾರಿಗಳು ಓಡಬೇಕಾದ ರಸ್ತೆಯ ಅಂಚಿಗೇ ಇತ್ತು.

"ಸೊಪ್ಪಿನ ಮೇಲೆ ಧೂಳು ಕೂತ್ರೆ ಹುಳ ಬಾಯಿ ಹಾಕಲ್ಲ ಕಣಪ್ಪಾ. ಹಾಕಿದ್ರೆ ಸಾಯ್ತವೆ. ಇದ್ನೆಲ್ಲ ನಿನ್ನ ಮಿಷನ್ನು ಸರಿಯಾಗಿ ನೋಡ್ತದಾ?" ಎಂದು ಕೇಳಿದರು.

"ನೋಡುತ್ತಮ್ಮಾ, ಅದಕ್ಕೇ ತಂದಿರೋದು," ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ನನಗೆ ಮೇಷ್ಟರಾಗುವ ಚಪಲ. ಪಿ.ಯು.ಸಿ.ಯಲ್ಲಿ ಎರಡು ಸಲ ಡುಮ್ಕಿ ಹೊಡೆದವರಿಗೆಲ್ಲ ಇದು ಇರುತ್ತದೆಂದು ಕಾಣುತ್ತದೆ. "ಇದೂ ನಮ್ಮ ಥರಾನೇ ಉಸಿರಾಡುತ್ತೆ ಕಣಮ್ಮಾ. ಗಾಳಿ ಎಳ್ಕೊಂಡು ಧೂಳನ್ನ ಒಳಗಿನ ಕಾಗದದ ಮೇಲೆ ಹಿಡಿಯುತ್ತೆ. ಬಹಳ ಸೂಕ್ಷ್ಮ. ಸ್ವಲ್ಪ ಜೋಪಾನ ಮಾಡಿ," ಎಂದು ಪಾಠ ಮುಗಿಸಿ, ಅವರು ಕೊಟ್ಟ ಕಾಫಿ ಕುಡಿದು ಬಂದೆ.

ವಾರಕ್ಕೆರಡು ಸಲ, ಮೂರು ತಿಂಗಳು ಯಂತ್ರ ಓಡಿತು. ಪ್ರತಿ ಸಲವೂ ಬಸ್ಸು ಹತ್ತುವ ಮುಂಚೆ ಫೋನು ಮಾಡಿ ಹೋಗಿ ಕಾಗದ ಬಿಚ್ಚಿ ತರುತ್ತಿದ್ದೆ. ಕಾಗದವೋ, ಒಗೆದು ಇಸ್ತ್ರಿ ಮಾಡಿದ ಪಂಚೆಯ ಹಾಗೆ ಬೆಳ್ಳಗೆ! ಆ ಮಣ್ಣು ರಸ್ತೆಯಲ್ಲಿ ನಡೆದು ಬರುವಷ್ಟರಲ್ಲಿ ನನ್ನ ಹುಬ್ಬೇ ಕೆಂಪಾಗುತ್ತಿತ್ತು. ಆದರೂ ಅನುಮಾನ ಬರಲಿಲ್ಲ. ಅನುಮಾನ ಬರುವುದಕ್ಕೂ ಒಂದು ಮೂಗು ಬೇಕೇನೋ.

ಕೊನೆಯ ಸಲ ಫೋನು ಮಾಡುವುದು ಮರೆತು ಹೋಗಿದ್ದೆ. ತಾರಸಿ ಹತ್ತಿ ನೋಡುತ್ತೇನೆ, ಯಂತ್ರದ ಸುತ್ತ ನಾಲ್ಕೂ ಕಡೆ ಹಗ್ಗ ಕಟ್ಟಿ ಒದ್ದೆ ಗೋಣಿಚೀಲ ಇಳಿಬಿಟ್ಟಿದೆ. ನೆಲಕ್ಕೆಲ್ಲ ನೀರು ಚಿಮುಕಿಸಿದೆ. ಹುಳದ ಮನೆಯನ್ನು ತಂಪಾಗಿಡಲು ಮಾಡುವ ಉಪಚಾರವೆಲ್ಲ ಅದಕ್ಕೂ ನಡೆದಿತ್ತು. ಯಂತ್ರ ಓಡುವ ದಿನ ನೀರಿನ ಒಲೆಗೆ ಸೌದೆ ಇಟ್ಟಿಲ್ಲವಂತೆ, ಅಂಗಳದಲ್ಲಿ ಬೀಡಿ ಹಚ್ಚಿದ ಮೈದುನನನ್ನು ಬೈದು ಅಟ್ಟಿದ್ದರಂತೆ.

"ಅಯ್ಯೋ, ಹೇಳಿ ಬರಬಾರ್ದಾ? ತೆಗೆದಿಡ್ತಿದ್ದೆ. ಬಂದೋರ ಕಣ್ಣೆದುರಿಗೆ ಹರಕು ಗೋಣಿಚೀಲ ನೇತಾಕದಾ?" ಎಂದು ನಾಚಿಕೊಂಡು ಓಡಿಬಂದರು. "ಉಸಿರಾಡ್ತದೆ, ಜೋಪಾನ ಅಂದಿದ್ದೆಯಲ್ಲ. ನಮ್ಮ ಹುಳಕ್ಕಿಂತ ಚೆನ್ನಾಗಿ ನೋಡ್ಕಂಡಿದೀನಿ."

ಮೂರು ತಿಂಗಳು ಯಂತ್ರ ಎಳೆದುಕೊಂಡದ್ದು ಊರಿನ ಗಾಳಿಯನ್ನಲ್ಲ, ಒದ್ದೆ ಗೋಣಿಚೀಲ ಸೋಸಿಕೊಟ್ಟ ಗಾಳಿಯನ್ನು. ತಪ್ಪು ಅವರದಲ್ಲ, ನನ್ನ ಬಾಯಿಯದು. ಹಾಗೆಂದು ಅವರಿಗೆ ಹೇಳಲೂ ಬಾಯಿ ಬರಲಿಲ್ಲ. ಆಫೀಸಿಗೆ ಹೋಗಿ ನಮ್ಮ ಬಾಸಿಗೆ ನಡೆದದ್ದನ್ನೆಲ್ಲ ಒಪ್ಪಿಸಿದೆ. ಅವರು ಬಿದ್ದು ಬಿದ್ದು ನಕ್ಕರು. ಕಣ್ಣೊರೆಸಿಕೊಂಡು, "ಮತ್ತೆ ಮೂರು ತಿಂಗಳು ಯಾರು ಕಾಯ್ತಾರ್ರೀ? ಗಾಳಿ ಚೆನ್ನಾಗಿದೆ ಅಂತ ಬರೆದ್ರೆ ಯಾರಿಗೇನು ನಷ್ಟ? ಸೋಮವಾರ ವರದಿ ಕೊಡಿ," ಎಂದರು. ಯಾರಿಗೆ ನಷ್ಟ ಎಂಬುದು ನನಗೆ ಗೊತ್ತಿತ್ತು. ಆದರೂ ಸೋಮವಾರ ವರದಿ ಕೊಟ್ಟೆ. ಅಕ್ಷರ ತಪ್ಪಿಲ್ಲದೆ, ಮೂರು ಬಣ್ಣದ ನಕ್ಷೆ ಹಾಕಿ, ಚೆಂದವಾಗಿಯೇ ಬರೆದಿದ್ದೆ.

ಪಂಚಾಯಿತಿ ಮುಂದಿನ ಶಾಮಿಯಾನದಲ್ಲಿ ಸಭೆ ನಡೆಯಿತು. ಜಯಮ್ಮನವರು ಎದ್ದು ನಿಂತು ಸೊಪ್ಪಿನ ಕಥೆ ಏನೆಂದು ಕೇಳಿದರು. ಗೋದಾಮಿನ ಕಡೆಯವರೊಬ್ಬರು ನನ್ನ ವರದಿ ಓದಿದರು: ಇಲ್ಲಿಯ ಗಾಳಿ ಅತ್ಯಂತ ಶುದ್ಧ, ಲಾರಿಗಳು ಓಡಿದರೂ ಧೂಳು ಮಿತಿಯೊಳಗೇ ಇರುತ್ತದೆ, ಬೆಳೆಗೆ ತೊಂದರೆಯಿಲ್ಲ. ಜಯಮ್ಮನವರ ಮುಖ ಅರಳಿತು. "ಆ ಮಿಷನ್ನು ನಾನೇ ನೋಡ್ಕಂಡಿದ್ದು! ಅಗೋ, ಆ ಅಪ್ಪನ್ನೇ ಕೇಳಿ," ಎಂದು ಇಡೀ ಸಭೆಗೆ ನನ್ನನ್ನು ತೋರಿಸಿದರು. ಎಲ್ಲರೂ ತಿರುಗಿದರು. ಆಗಲಾದರೂ ಬಾಯಿ ಬಿಡಬಹುದಿತ್ತು. ಬೇಡದಿದ್ದಾಗ ಪಾಠ ಹೇಳಿದ ಬಾಯಿ, ಬೇಕಾದಾಗ ಮೂಗು ಸೀಟಿಕೊಳ್ಳುವ ಕರ್ಚೀಫಿನ ಹಿಂದೆ ಅಡಗಿತು.

ಎರಡು ವರ್ಷ ಬಿಟ್ಟು ಮತ್ತೆ ಆ ಕಡೆ ಹೋಗಿದ್ದೆ. ಗೋದಾಮು ಎದ್ದಿದೆ. ಲಾರಿಗಳ ಹಿಂದೆ ಲಾರಿಗಳು. ಹಿಪ್ಪುನೇರಳೆ ಸೊಪ್ಪಿನ ಬಣ್ಣ ಹಸಿರೆಂದು ನೆನಪಿನಿಂದ ಹೇಳಬೇಕು. ಕದ್ದು ಹೋಗೋಣವೆಂದುಕೊಂಡರೆ ಜಯಮ್ಮನವರೇ ಕಂಡು, ಕೂಗಿ ಕರೆದರು. ಹುಳದ ಮನೆಯಲ್ಲಿ ತಟ್ಟೆಗಳು ಖಾಲಿ. "ಮೂರು ಬೆಳೆ ಸತ್ತೋದ್ವು. ಬಿಟ್ಬುಟ್ಟೆ," ಎಂದರು, ಅಷ್ಟೇ. ಬೈದಿದ್ದರೆ ಬದುಕುತ್ತಿದ್ದೆ. ನಾನು ಏನೋ ಹೇಳಲು ಹೋದೆ, "ಅಮ್ಮಾ, ಆ ವರದಿ..." ಎನ್ನುವಷ್ಟರಲ್ಲಿ ಕೆಮ್ಮು ಹಿಡಿದುಕೊಂಡಿತು.

"ಇರು ಇರು, ಮಾತಾಡ್ಬೇಡ," ಎಂದವರೇ ಮೂಲೆಯಿಂದ ಹಳೆಯ ಗೋಣಿಚೀಲಗಳನ್ನು ತೆಗೆದು, ನೀರಿನಲ್ಲಿ ಅದ್ದಿ, ಬಾಗಿಲಿಗೂ ಕಿಟಕಿಗೂ ಇಳಿಬಿಟ್ಟರು. ನೆಲಕ್ಕೆ ನೀರು ಚಿಮುಕಿಸಿದರು. ನನ್ನನ್ನು ಚಾಪೆಯ ಮೇಲೆ ಕೂರಿಸಿ, "ಈಗ ಉಸಿರಾಡು," ಎಂದರು.

ಉಸಿರಾಡಿದೆ. ಒಳಗಿನ ಗಾಳಿ ನನ್ನ ವರದಿಯಲ್ಲಿ ಬರೆದ ಹಾಗೆಯೇ ಇತ್ತು.